ಡೀಸೆಲ್ ಮತ್ತು ಪೆಟ್ರೋಲ್ ಸ್ಪೋರ್ಟ್ಸ್ ಸೆಡಾನ್: ಬಿಎಂಡಬ್ಲ್ಯು 3 ಸರಣಿಯ ಇತಿಹಾಸ

ಮ್ಯೂನಿಕ್‌ನ ಬಿಎಂಡಬ್ಲ್ಯು ಕಂಪನಿ 1975ರಲ್ಲಿ ಹೊರತಂದ 3 ಸರಣಿಯು ಸ್ಪೋರ್ಟ್ಸ್ ಸೆಡಾನ್ ಎಂಬ ವರ್ಗಕ್ಕೇ ಮಾದರಿಯಾಗಿ ನಿಂತ ಕಾರು. ಮೊದಲ ಹತ್ತು ವರ್ಷ ಇದು ಪೆಟ್ರೋಲ್ ಕಾರಾಗಿಯೇ ಇತ್ತು. 1985ರಲ್ಲಿ ಡೀಸೆಲ್ ಎಂಜಿನ್ ಸೇರಿದ ಮೇಲೆ ಒಂದೇ ಚಾಸಿ, ಒಂದೇ ಮೈಕಟ್ಟಿನಲ್ಲಿ ಎರಡು ಜಾತಿಯ ಎಂಜಿನ್‌ಗಳು ಅಕ್ಕಪಕ್ಕ ಓಡಿದವು. ಎರಡರ ತುಲನೆಗೆ ಇಷ್ಟು ದೀರ್ಘವಾದ, ಇಷ್ಟು ನೇರವಾದ ಉದಾಹರಣೆ ಅಪರೂಪ. ಈ ಇತಿಹಾಸದುದ್ದಕ್ಕೂ ಎಂಜಿನಿಯರ್‌ಗಳು ಅಂತರವನ್ನು ಕಿರಿದು ಮಾಡುತ್ತಲೇ ಬಂದರು. ಯಾವ ದೇಶದಲ್ಲಿ ಯಾವುದು ಗೆದ್ದಿತೆಂಬುದನ್ನು ಮಾತ್ರ ಹೆಚ್ಚಾಗಿ ತೀರ್ಮಾನಿಸಿದ್ದು ಇಂಧನದ ಬೆಲೆ, ತೆರಿಗೆ ಮತ್ತು ಹೊಗೆಯ ಕಾನೂನು.

ಪೆಟ್ರೋಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್‌ನ ಕಿಡಿ ಇಂಧನವನ್ನು ಹೊತ್ತಿಸುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇಲ್ಲ. ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಏಳುವ ಬಿಸಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಆ ಒತ್ತಡ ತಡೆಯಲು ಎಂಜಿನ್ ಗಟ್ಟಿಯಾಗಿರಬೇಕು, ಹಾಗಾಗಿ ಭಾರವಾಗುತ್ತದೆ. ದಹನ ನಿಧಾನವಾದ್ದರಿಂದ ಹೆಚ್ಚು ಆರ್‌ಪಿಎಂಗೆ (ನಿಮಿಷಕ್ಕೆ ಎಂಜಿನ್ ಸುತ್ತುವ ಸಂಖ್ಯೆ) ಏರಲಾರದು. ಕಾರಿನಲ್ಲಿ ಡೀಸೆಲ್ ಎಂದರೆ ಬಹುಕಾಲ ಟ್ಯಾಕ್ಸಿ ಎಂದೇ ಅರ್ಥವಾಗಿತ್ತು. 1936ರ ಮರ್ಸಿಡಿಸ್ 260ಡಿ ಹಾಕಿಕೊಟ್ಟ ದಾರಿಯದು.

1970ರ ದಶಕದ ಎರಡು ತೈಲ ಬಿಕ್ಕಟ್ಟುಗಳು ಬಿಎಂಡಬ್ಲ್ಯುವನ್ನೂ ಡೀಸೆಲ್ ಕಡೆಗೆ ತಳ್ಳಿದವು. ಆಸ್ಟ್ರಿಯಾದ ಸ್ಟೈಯರ್ ಕಾರ್ಖಾನೆಯಲ್ಲಿ ತಯಾರಾದ ಎಂ21 ಎಂಜಿನ್ 1983ರಲ್ಲಿ 5 ಸರಣಿಯ 524ಟಿಡಿ ಕಾರಿನೊಂದಿಗೆ ಬಂತು. ಪೆಟ್ರೋಲ್ ಎಂಜಿನ್‌ನ ವಿನ್ಯಾಸವನ್ನೇ ಬುಡವಾಗಿಟ್ಟುಕೊಂಡ ಈ ಆರು ಸಿಲಿಂಡರ್‌ಗಳ 2.4 ಲೀಟರ್ ಟರ್ಬೊ ಎಂಜಿನ್‌ನ ಶಕ್ತಿ 115 ಅಶ್ವಶಕ್ತಿ. ಗಂಟೆಗೆ 180 ಕಿ.ಮೀ. ಮುಟ್ಟುತ್ತಿದ್ದ ಕಾರು ಆ ಕಾಲದ ಅತಿ ವೇಗದ ಡೀಸೆಲ್‌ಗಳಲ್ಲೊಂದು. ಇದೇ ಎಂಜಿನ್ ಟರ್ಬೊ ಕಳಚಿಕೊಂಡು 1985ರಲ್ಲಿ 324ಡಿ ಆಗಿ 3 ಸರಣಿಗೆ ಇಳಿದಾಗ ಉಳಿದದ್ದು 86 ಅಶ್ವಶಕ್ತಿ. ಪಕ್ಕದಲ್ಲಿದ್ದ ಪೆಟ್ರೋಲ್ 325ಐ ಅದರ ಸುಮಾರು ಎರಡರಷ್ಟು ಶಕ್ತಿಯದು. ಇದನ್ನು ಸ್ಪರ್ಧೆ ಎನ್ನುವಂತಿಲ್ಲ. 324ಡಿ ನಯವಾದ, ಮಿತವ್ಯಯದ ಕಾರು, ಅಷ್ಟೆ. 1987ರ 324ಟಿಡಿಯಲ್ಲಿ ಟರ್ಬೊ ಮರಳಿತು.

1990ರ ದಶಕದ 325ಟಿಡಿಎಸ್ ಪರಿಸ್ಥಿತಿಯನ್ನು ತುಸು ಸುಧಾರಿಸಿತು: 143 ಅಶ್ವಶಕ್ತಿ, 260 ನ್ಯೂಟನ್ ಮೀಟರ್ ಟಾರ್ಕ್ (ತಿರುಗುಬಲ). ಪೆಟ್ರೋಲ್ 325ಐ 192 ಅಶ್ವಶಕ್ತಿಯ ಜೊತೆಗೆ 245 ನ್ಯೂಟನ್ ಮೀಟರ್ ಕೊಡುತ್ತಿತ್ತು. ಡೀಸೆಲ್‌ನ ಹೆಗ್ಗಳಿಕೆ ಎನ್ನುವ ಟಾರ್ಕ್‌ನಲ್ಲೂ ಆಗ ಅಂತರ ನೆಪಕ್ಕಷ್ಟೆ ಇತ್ತೆಂಬುದನ್ನು ಇಂದಿನವರು ಮರೆತಿದ್ದಾರೆ.

ಚಿತ್ರ ಬದಲಿಸಿದ್ದು ಕಾಮನ್ ರೈಲ್. ಇಂಧನವನ್ನು ಒಂದೇ ಕೊಳವೆಯಲ್ಲಿ ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದಲ್ಲಿ ಸದಾ ಸಿದ್ಧವಾಗಿಟ್ಟು, ಬೇಕಾದ ಕ್ಷಣಕ್ಕೆ ಬೇಕಾದಷ್ಟು ಚಿಮ್ಮಿಸುವ ಈ ವ್ಯವಸ್ಥೆಯನ್ನು ಫಿಯಟ್ ಬಳಗ ಬೆಳೆಸಿತು, ಜರ್ಮನಿಯ ಬಿಡಿಭಾಗ ತಯಾರಕ ಬಾಷ್ ಅದನ್ನು ಕೊಂಡು ಉತ್ಪಾದನೆಗೆ ತಂದಿತು. 1997ರಲ್ಲಿ ಇದು ಮೊದಲು ಕಾಣಿಸಿಕೊಂಡದ್ದು ಇನ್ನೊಂದು ಸ್ಪೋರ್ಟ್ಸ್ ಸೆಡಾನ್‌ನಲ್ಲಿ, ಇಟಲಿಯ ಆಲ್ಫಾ ರೋಮಿಯೊ 156ರಲ್ಲಿ. ಮುಖ್ಯ ದಹನಕ್ಕೆ ಮುನ್ನ ಒಂದು ಹನಿ ಇಂಧನ ಚಿಮ್ಮಿಸಿ ಸಿಲಿಂಡರನ್ನು ಹದಗೊಳಿಸುವುದು ಸಾಧ್ಯವಾಗಿ ಡೀಸೆಲ್‌ನ ಕಟಕಟ ಸದ್ದು ಇಳಿಯಿತು. ಬಿಎಂಡಬ್ಲ್ಯುವಿನ ಕಾಮನ್ ರೈಲ್ ಎಂಜಿನ್ ಹೊತ್ತು 1999ರಲ್ಲಿ ಬಂದ 330ಡಿಯ ಟಾರ್ಕ್ 390 ನ್ಯೂಟನ್ ಮೀಟರ್. ಮರುವರ್ಷದ ಪೆಟ್ರೋಲ್ 330ಐಯದು 300.

ಇದಕ್ಕೂ ಮೊದಲೇ, 1998ರಲ್ಲಿ, ಜರ್ಮನಿಯ ನೂರ್‌ಬುರ್ಗ್‌ರಿಂಗ್‌ನ 24 ಗಂಟೆಗಳ ರೇಸನ್ನು 320ಡಿ ಗೆದ್ದಿತ್ತು. ಮಾರ್ಕ್ ಡ್ಯುಯೆ, ಆಂಡ್ರಿಯಾಸ್ ಬೋವೆನ್‌ಸೀಪೆನ್, ಕ್ರಿಸ್ಟಿಯಾನ್ ಮೆಂಜೆಲ್ ಮತ್ತು ಹಾನ್ಸ್ ಯೋಆಖಿಮ್ ಸ್ಟುಕ್ ಓಡಿಸಿದ ಈ ಕಾರು 24 ಗಂಟೆಗಳ ರೇಸ್ ಗೆದ್ದ ಮೊದಲ ಡೀಸೆಲ್. ಗೆಲುವಿನ ಗುಟ್ಟಿನಲ್ಲಿ ವೇಗಕ್ಕಿಂತ ಹೊಟ್ಟೆಬಾಕತನದ ಅಭಾವ ದೊಡ್ಡದು. ಒಂದು ಟ್ಯಾಂಕ್ ಇಂಧನದಲ್ಲಿ ಹೆಚ್ಚು ಸುತ್ತು ಹೊಡೆದು, ಕಡಿಮೆ ಸಲ ಪಿಟ್‌ಗೆ ಬಂದದ್ದು ಅದರ ಅನುಕೂಲ.

ತುಲನೆ ನಿಜಕ್ಕೂ ತುರುಸಿನ ಮೇಲಾಟಕ್ಕೆ ಬಂದದ್ದು 2006ರಲ್ಲಿ. ಆ ವರ್ಷ 3.0 ಲೀಟರ್‌ನ ಎರಡು ಎಂಜಿನ್‌ಗಳು, ಎರಡರಲ್ಲೂ ಆರು ಸಿಲಿಂಡರ್, ಎರಡರಲ್ಲೂ ಜೋಡಿ ಟರ್ಬೊ. 335ಐ: 306 ಅಶ್ವಶಕ್ತಿ, 1,300 ಆರ್‌ಪಿಎಂನಿಂದಲೇ 400 ನ್ಯೂಟನ್ ಮೀಟರ್. 335ಡಿ: 286 ಅಶ್ವಶಕ್ತಿ, 580 ನ್ಯೂಟನ್ ಮೀಟರ್. ಟಾರ್ಕ್‌ನಲ್ಲಿ ಡೀಸೆಲ್ ಇಷ್ಟು ಮುಂದಿದ್ದೂ ನೂರು ಕಿ.ಮೀ. ವೇಗಕ್ಕೆ ಪೆಟ್ರೋಲ್ ಅರ್ಧ ಸೆಕೆಂಡಿನಷ್ಟು ಮೊದಲೇ ಏರುತ್ತಿತ್ತು. ಹಲವರಿಗೆ ಒಗಟೆನಿಸಿದ ಇದಕ್ಕೆ ಉತ್ತರ ಗುಣಾಕಾರದಲ್ಲಿದೆ. ಶಕ್ತಿ ಎಂದರೆ ಟಾರ್ಕ್ ಮತ್ತು ಆರ್‌ಪಿಎಂಗಳ ಗುಣಲಬ್ಧ. 2,000 ಆರ್‌ಪಿಎಂನಲ್ಲಿ ಲೆಕ್ಕ ಹಾಕಿದರೆ ಡೀಸೆಲ್‌ನಿಂದ ಸುಮಾರು 165 ಅಶ್ವಶಕ್ತಿ ಸಿಗುತ್ತದೆ, ಪೆಟ್ರೋಲ್‌ನಿಂದ ಸುಮಾರು 114. ಲಾರಿಯನ್ನು ಹಿಂದಿಕ್ಕಲು ಟಾಪ್ ಗೇರಿನಲ್ಲೇ ಕಾಲೊತ್ತಿದಾಗ ಬೆನ್ನು ಸೀಟಿಗೆ ಅಂಟುವ ಆ ಪಿಕಪ್ ಈ ವ್ಯತ್ಯಾಸದ ಫಲ. ಆದರೆ 4,400ರ ಹೊತ್ತಿಗೆ ಡೀಸೆಲ್‌ನ ಶಕ್ತಿ ತುತ್ತತುದಿ ಮುಟ್ಟಿರುತ್ತದೆ. ಪೆಟ್ರೋಲ್ 5,800ರವರೆಗೂ ಶಕ್ತಿ ಏರಿಸುತ್ತ ಹೋಗುತ್ತದೆ, ಕೆಳಗಿನ ಗೇರನ್ನು ಹೆಚ್ಚು ಹೊತ್ತು ಹಿಡಿದಿಡುತ್ತದೆ. ಜೊತೆಗೆ ಡೀಸೆಲ್ ಮೂಗಿನ ಕಡೆ ಭಾರ. 335ಡಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಟ್ಟು ಬೇರೆ ಆಯ್ಕೆಯನ್ನು ಕಂಪನಿ ಕೊಡಲೂ ಇಲ್ಲ. ಓಡಿಸುವ ಸುಖ ಗೇರ್ ಬದಲಿಸುವುದರಲ್ಲೇ ಇದೆ ಎನ್ನುವವರಿಗೆ ಅಲ್ಲಿಗೆ ಚರ್ಚೆ ಮುಗಿಯಿತು.

ಮೈಲೇಜ್‌ನಲ್ಲಿ ಡೀಸೆಲ್ ಸ್ಪಷ್ಟವಾಗಿ ಮೇಲು. ಅಮೆರಿಕದ ಸರ್ಕಾರಿ ಪರೀಕ್ಷೆಯಲ್ಲಿ 2009ರ 335ಡಿ ಒಂದು ಗ್ಯಾಲನ್‌ಗೆ ಹೆದ್ದಾರಿಯಲ್ಲಿ 36 ಮೈಲಿ ಕೊಟ್ಟಿತು, 335ಐ 26. ಈ ಅಂಕಿಯನ್ನು ಪೂರ್ತಿ ಎಂಜಿನ್‌ನ ಖಾತೆಗೆ ಬರೆಯುವುದು ಸರಿಯಲ್ಲ. ಒಂದು ಲೀಟರ್ ಡೀಸೆಲ್‌ನಲ್ಲೇ ಪೆಟ್ರೋಲ್‌ಗಿಂತ ಶೇ. 10ಕ್ಕೂ ಹೆಚ್ಚು ಶಕ್ತಿ ಅಡಗಿದೆ. ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡೂ ಲೀಟರಿಗೆ ಪೆಟ್ರೋಲ್‌ನದು ಸುಮಾರು 2.3 ಕೆ.ಜಿ. ಆದರೆ ಡೀಸೆಲ್‌ನದು 2.7 ಕೆ.ಜಿ.

ಯುರೋಪಿನ ಬಹುಪಾಲು ದೇಶಗಳು ಡೀಸೆಲ್‌ಗೆ ಕಡಿಮೆ ತೆರಿಗೆ ಹಾಕಿದ್ದರಿಂದ ಅಲ್ಲಿ 320ಡಿ, 330ಡಿ ಮನೆಮಾತಾದವು. ಅಮೆರಿಕದಲ್ಲಿ ಆ ರಿಯಾಯಿತಿ ಇರಲಿಲ್ಲ, ನೈಟ್ರೋಜನ್ ಆಕ್ಸೈಡ್‌ಗಳ ಮಿತಿಯೂ ಬಿಗಿ. ಅಲ್ಲಿಗೆ ಹೋದ 335ಡಿ ಹೊಗೆ ಶುದ್ಧಿಗಾಗಿ ಯೂರಿಯಾ ದ್ರಾವಣದ ಟ್ಯಾಂಕನ್ನೂ ಹೊರಬೇಕಾಯಿತು.

ಭಾರತದ ಕಥೆ ಇನ್ನೂ ನೇರ. 2007ರಲ್ಲಿ ಚೆನ್ನೈ ಬಳಿ ಬಿಎಂಡಬ್ಲ್ಯು ಕಾರ್ಖಾನೆ ತೆರೆದು 3 ಸರಣಿಯ ಜೋಡಣೆ ಆರಂಭವಾಯಿತು. 2010ರ ಜೂನ್‌ನಲ್ಲಿ ಸರ್ಕಾರ ಪೆಟ್ರೋಲ್ ಬೆಲೆಯ ನಿಯಂತ್ರಣ ಬಿಟ್ಟಿತು, ಡೀಸೆಲ್‌ನದನ್ನು ಬಿಡಲಿಲ್ಲ. 2012ರ ಮೇ ಕೊನೆಗೆ ದೆಹಲಿಯಲ್ಲಿ ಲೀಟರ್ ಪೆಟ್ರೋಲ್‌ಗೆ 73 ರೂಪಾಯಿ, ಡೀಸೆಲ್‌ಗೆ 41 ರೂಪಾಯಿ. ರೈತನ ಪಂಪ್‌ಸೆಟ್ಟು, ಬಸ್ಸು, ಲಾರಿಗಳ ಹೆಸರಲ್ಲಿ ಇಳಿಸಿದ ಬೆಲೆಯಲ್ಲಿ 320ಡಿಯ ಮಾಲೀಕರೂ ಟ್ಯಾಂಕ್ ತುಂಬಿಸಿಕೊಂಡರು. 2014ರ ಅಕ್ಟೋಬರ್‌ನಲ್ಲಿ ಡೀಸೆಲ್ ಬೆಲೆಯೂ ಮುಕ್ತವಾಯಿತು. 2015ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೆಹಲಿ ಸುತ್ತಮುತ್ತ 2,000 ಸಿಸಿ ಮತ್ತು ಅದಕ್ಕಿಂತ ದೊಡ್ಡ ಡೀಸೆಲ್ ಕಾರುಗಳ ನೋಂದಣಿ ನಿಲ್ಲಿಸಿತು. ಮರುವರ್ಷ ಆಗಸ್ಟ್‌ನಲ್ಲಿ ಶೇ. 1ರ ಪರಿಸರ ಶುಲ್ಕದೊಂದಿಗೆ ತಡೆ ತೆರವುಗೊಳಿಸಿತು. ಕರ್ನಾಟಕಕ್ಕೆ ಪೆಟ್ರೋಲ್, ಡೀಸೆಲ್ ಎರಡೂ ಎಂಜಿನ್‌ಗಳ ನಂಟು ಬಿಡಿಭಾಗದ ಮೂಲಕ ಹಳೆಯದು. 1951ರಲ್ಲಿ ಸ್ಥಾಪನೆಯಾಗಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಮೈಕೊ ಕಂಪನಿ ಬೆಂಗಳೂರಿನಲ್ಲಿ ಸ್ಪಾರ್ಕ್ ಪ್ಲಗ್ಗನ್ನೂ ಡೀಸೆಲ್ ಇಂಜೆಕ್ಷನ್ ಪಂಪನ್ನೂ ತಯಾರಿಸಿತು.

2015ರ ಸೆಪ್ಟೆಂಬರ್‌ನಲ್ಲಿ ಫೋಕ್ಸ್‌ವ್ಯಾಗನ್‌ನ ಹೊಗೆ ಪರೀಕ್ಷೆಯ ವಂಚನೆ ಬಯಲಾದ ಮೇಲೆ ಎಲ್ಲ ಜರ್ಮನ್ ಡೀಸೆಲ್‌ಗಳ ಮೇಲೂ ಅನುಮಾನ ಬಿತ್ತು. ಅಮೆರಿಕದಲ್ಲಿ 3 ಸರಣಿಯ ಡೀಸೆಲ್ 2018ರ ಮಾದರಿಗೆ ಕೊನೆಗೊಂಡಿತು. ಹೊಗೆ ಶುದ್ಧಿಯಲ್ಲಿ, ಯೂರಿಯಾ ಟ್ಯಾಂಕಿನ ಗಾತ್ರದ ವಿಷಯದಲ್ಲೂ, ಇತರ ಜರ್ಮನ್ ತಯಾರಕರೊಂದಿಗೆ ಒಳ ಒಪ್ಪಂದ ಮಾಡಿಕೊಂಡದ್ದಕ್ಕಾಗಿ ಯುರೋಪಿಯನ್ ಆಯೋಗ 2021ರ ಜುಲೈನಲ್ಲಿ ಬಿಎಂಡಬ್ಲ್ಯುಗೆ 37.3 ಕೋಟಿ ಯೂರೊ ದಂಡ ಹಾಕಿತು.

ವಿಚಿತ್ರವೆಂದರೆ ಡೀಸೆಲ್‌ನ ಪ್ರತಿಷ್ಠೆ ಕುಸಿದ ಹೊತ್ತಿಗೇ ತಂತ್ರದಲ್ಲಿ ಎರಡೂ ಹತ್ತಿರ ಬಂದಿದ್ದವು. ಟರ್ಬೊ ಮತ್ತು ನೇರ ಇಂಜೆಕ್ಷನ್ ಹಾಕಿಕೊಂಡ ಪೆಟ್ರೋಲ್ ಎಂಜಿನ್ ಕೆಳ ಆರ್‌ಪಿಎಂನಲ್ಲೇ ಎಳೆಯತೊಡಗಿತು; ಅದಕ್ಕೂ ಈಗ ಯುರೋಪಿನಲ್ಲಿ ಕಣ ಸೋಸುವ ಫಿಲ್ಟರ್ ಬೇಕು. 2020ರ ಎಂ340ಡಿ 340 ಅಶ್ವಶಕ್ತಿ, 700 ನ್ಯೂಟನ್ ಮೀಟರ್‌ಗಳೊಂದಿಗೆ ನೂರು ಕಿ.ಮೀ. ವೇಗವನ್ನು 4.6 ಸೆಕೆಂಡಿನಲ್ಲಿ ಮುಟ್ಟಿದರೆ, 374 ಅಶ್ವಶಕ್ತಿಯ ಪೆಟ್ರೋಲ್ ಎಂ340ಐ 4.4 ಸೆಕೆಂಡಿನಲ್ಲಿ. ಇಷ್ಟಾದರೂ 3 ಸರಣಿಯ ಅತ್ಯುನ್ನತ ಸ್ಪೋರ್ಟ್ಸ್ ಮಾದರಿಯ ಎಂ3 ಎಂಬ ಹೆಸರನ್ನು ಬಿಎಂಡಬ್ಲ್ಯು ಒಂದೇ ಒಂದು ಡೀಸೆಲ್‌ಗೂ ಕೊಡಲಿಲ್ಲ. ಭಾರತದಲ್ಲಿ 2021ರ ಮಾರ್ಚ್‌ನಲ್ಲಿ ಬಿಡುಗಡೆಯಾಗಿ ಚೆನ್ನೈನಲ್ಲೇ ಜೋಡಣೆಯಾಗತೊಡಗಿದ್ದೂ ಎಂ340ಐ. ಅದರ ಡೀಸೆಲ್ ಜೋಡಿ ಇಲ್ಲಿನ ಶೋರೂಮಿಗೆ ಬರಲಿಲ್ಲ.