ಹಳೆಯ ಭೂಪಟಗಳ ರೇಖಾಂಶವೂ ಶಾಸನೋಕ್ತ ಗ್ರಾಮಗಳ ಸ್ಥಳನಿರ್ಣಯವೂ

ಶಾಸನಗಳಲ್ಲಿ ಬರುವ ಗ್ರಾಮಗಳನ್ನು ಗುರುತಿಸುವಾಗ ವಿದ್ವಾಂಸರು ಬೇರೆಬೇರೆ ಕಾಲದ ಭೂಪಟಗಳನ್ನು ಒಟ್ಟಿಗೆ ಉಪಯೋಗಿಸುವುದುಂಟು. ಆ ಪಟಗಳು ಒಂದೇ ಅಳತೆಯ ಮೂಲಕ್ಕೆ ಸೇರಿದವಲ್ಲವೆಂಬುದನ್ನು ಮರೆತರೆ ನಿರ್ಣಯವು ಕೆಡುವುದು.

ಕ್ರಿ. ಶ. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ತರುವಾಯ ಮೈಸೂರು ಸೀಮೆಯಲ್ಲಿ ಎರಡು ಮೋಜಣಿಗಳು ನಡೆದವು. ಕಾಲಿನ್ ಮೆಕೆಂಜಿಯು ಊರು, ಕೆರೆ, ಗಡಿಗಳ ವಿವರವನ್ನು ಸಂಗ್ರಹಿಸಿದನು. ವಿಲಿಯಂ ಲ್ಯಾಂಬ್ಟನನು 1800ರಲ್ಲಿ ಬೆಂಗಳೂರಿನ ಬಳಿಯೂ 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಬೆಟ್ಟದ ಬಳಿಯೂ ಆಧಾರರೇಖೆಗಳನ್ನಳೆದು ತ್ರಿಕೋಣಮಿತಿಯ ಜಾಲವನ್ನು ಹರಡಿದನು. ರೇಖಾಂಶಗಣನೆಗೆ ಮದರಾಸಿನ ವೇಧಶಾಲೆಯೇ ಮೂಲವಾಯಿತು.

ಆ ವೇಧಶಾಲೆಯು ಗ್ರೀನಿಚ್‌ನಿಂದ ಪೂರ್ವಕ್ಕೆ 80 ಅಂಶ 17 ಕಲೆ 21 ವಿಕಲೆಯಲ್ಲಿರುವುದೆಂದು ಮೋಜಣಿಯವರು ಬಹುಕಾಲ ಎಣಿಸಿದ್ದರು. 1890ರ ದಶಕದಲ್ಲಿ ತಂತಿಯ ಮೂಲಕ ಕಾಲವನ್ನು ಹೋಲಿಸಿ ನೋಡಲಾಗಿ, ಅದು 80 ಅಂಶ 14 ಕಲೆ 54 ವಿಕಲೆಯೆಂದು ಸ್ಥಿರಪಟ್ಟಿತು. ಈ 2 ಕಲೆ 27 ವಿಕಲೆಗಳ ವ್ಯತ್ಯಾಸವು 13ನೆಯ ಅಕ್ಷಾಂಶದಲ್ಲಿ ಸುಮಾರು 4.4 ಕಿಲೋಮೀಟರುಗಳಾಗುತ್ತದೆ. ಹಳೆಯ ಎಣಿಕೆಯ ಊರನ್ನು ತಿದ್ದದೆ ಹೊಸ ಪಟದಲ್ಲಿ ಗುರುತಿಸಿದರೆ ಅದು ಅಷ್ಟು ದೂರ ಪೂರ್ವಕ್ಕೆ ಸರಿಯುವುದು. ಅಕ್ಷಾಂಶಕ್ಕೆ ಮಾತ್ರ ಇದರಿಂದ ಬಾಧೆಯಿಲ್ಲ.

ಇಲ್ಲಿ ಹಳೆಯ ಪಟವನ್ನು ನಿಂದಿಸುವುದು ನ್ಯಾಯವಲ್ಲ. ಅದರೊಳಗಿನ ಊರುಗಳ ಪರಸ್ಪರ ದೂರಗಳು ಈ ಕಾರಣದಿಂದ ಕೆಡುವುದಿಲ್ಲ. ದೋಷವು ಹುಟ್ಟುವುದು ಎರಡು ಪಟಗಳನ್ನು ಜೋಡಿಸುವಲ್ಲಿ. ಜನವಸತಿಯಿರುವ ಊರಾದರೆ ಅಲ್ಲಿಗೆ ಹೋಗಿ ವಿಚಾರಿಸಬಹುದು. ಬೇಚಿರಾಕ್ ಗ್ರಾಮಕ್ಕಾದರೋ ಹೇಳುವವರಿಲ್ಲ. ಪಟದ ಗುರುತೇ ಸಾಕ್ಷಿ. ಹೊಸಹಳ್ಳಿ, ಹೊಸೂರುಗಳಂತಹ ಹೆಸರುಗಳು ಹಲವೆಡೆ ಇರುವ ನಾಡಿನಲ್ಲಿ ನಾಲ್ಕು ಕಿಲೋಮೀಟರುಗಳ ತಪ್ಪಿನಿಂದ ಒಂದು ಊರಿನ ದತ್ತಿಯು ಮತ್ತೊಂದು ಊರಿನ ಚರಿತ್ರೆಗೆ ಸೇರಿಹೋಗಬಹುದು.

ಇಂದಿನ ಉಪಗ್ರಹಾಧಾರಿತ ಸ್ಥಾನಗಳಿಗೂ ಈ ಎಚ್ಚರಿಕೆಯು ಸಲ್ಲುತ್ತದೆ. ಭೂಮಿಯ ಆಕಾರಕ್ಕೆ ಎವರೆಸ್ಟನು 1830ರಲ್ಲಿ ಕೊಟ್ಟ ಮಾನವನ್ನನುಸರಿಸಿದ ಪಟಗಳಿಗೂ ಇವಕ್ಕೂ ನಮ್ಮ ಸೀಮೆಯಲ್ಲಿ ನೂರಿನ್ನೂರು ಮೀಟರುಗಳ ಅಂತರವು ಕಾಣುತ್ತದೆ. ಊರನ್ನು ಗುರುತಿಸಲು ಇದು ಅಲ್ಪ. ಶಾಸನದ ಕಲ್ಲು ನಿಂತ ಹೊಲವನ್ನು ಗುರುತಿಸಲು ಅಲ್ಪವಲ್ಲ.

ಆದಕಾರಣ ಮೊದಲು ಪಟದ ವರ್ಷವನ್ನೂ ಮೂಲರೇಖೆಯನ್ನೂ ತಿಳಿದು ರೇಖಾಂಶವನ್ನು ತಿದ್ದಬೇಕು. ಬಳಿಕ ಎರಡು ಪಟಗಳಲ್ಲಿಯೂ ಕಾಣುವ ಬೆಟ್ಟದ ನೆತ್ತಿ, ಹಳೆಯ ದೇವಾಲಯ, ಕೆರೆಯ ಏರಿಗಳಿಂದ ಹೊಂದಾಣಿಕೆಯನ್ನು ಪರೀಕ್ಷಿಸಬೇಕು. ಕೊನೆಗೆ ಶಾಸನವೇ ಹೇಳುವ ಚತುಸ್ಸೀಮೆಯೊಡನೆ ಹೋಲಿಸಬೇಕು. ಈ ಮೂರೂ ಒಪ್ಪಿದಲ್ಲಿ ಮಾತ್ರ ಸ್ಥಳನಿರ್ಣಯವು ಪ್ರಮಾಣವೆನಿಸುವುದು. ಒಪ್ಪದಿದ್ದಲ್ಲಿ ಅದನ್ನು ಊಹೆಯೆಂದೇ ಬರೆದಿಡುವುದು ಯುಕ್ತ.