ಪಟ್ಟಿಯಲ್ಲಿ ಇಲ್ಲದ್ದು

1990ರ ದಶಕದ ಆರಂಭದಲ್ಲಿ ಲಿನಕ್ಸ್ ಬಳಸುವವರಿಗೆ ಹೊಸ ತಂತ್ರಾಂಶ ಹಾಕಿಕೊಳ್ಳುವುದೇ ಒಂದು ಪಾಡು. ಒಂದು ಪ್ರೋಗ್ರಾಮ್ ನಡೆಯಲು ಇನ್ನೊಂದು ಲೈಬ್ರರಿ ಬೇಕು, ಅದಕ್ಕೆ ಮತ್ತೊಂದು. ಯಾವುದಕ್ಕೆ ಯಾವುದು ಬೇಕೆಂದು ಅವರೇ ಹುಡುಕಬೇಕಿತ್ತು.

ಆಗಿನ ಎಸ್‌ಎಲ್‌ಎಸ್ ಎಂಬ ಲಿನಕ್ಸ್ ವಿತರಣೆಯ ದೋಷಗಳಿಂದ ಬೇಸತ್ತ ಅಮೆರಿಕದ ವಿದ್ಯಾರ್ಥಿ ಇಯಾನ್ ಮರ್ಡಾಕ್ 1993ರ ಆಗಸ್ಟ್‌ನಲ್ಲಿ ಡೆಬಿಯನ್ ಯೋಜನೆಯನ್ನು ಪ್ರಕಟಿಸಿದರು. ಅಲ್ಲಿ ಬೆಳೆದ ‘ಡಿಪಿಕೆಜಿ’ ಸಾಧನದ ಉಪಾಯ ಸರಳ: ಪ್ರತಿ ಪ್ಯಾಕೇಜಿನೊಳಗೇ ಅದಕ್ಕೆ ಬೇಕಾದವುಗಳ ಪಟ್ಟಿ. ಏನಾದರೂ ಕೊರತೆಯಿದ್ದರೆ ಅದು ತಿಳಿಸುತ್ತಿತ್ತು, ತಂದುಕೊಡುತ್ತಿರಲಿಲ್ಲ. 1999ರಲ್ಲಿ ಡೆಬಿಯನ್ 2.1ರೊಂದಿಗೆ ಬಂದ ‘ಆಪ್ಟ್’ ಆ ಹೊಣೆಯನ್ನೂ ಹೊತ್ತಿತು. ಒಂದು ಸಾಲಿನ ಆದೇಶ ಕೊಟ್ಟರೆ ಬೇಕಾದದ್ದೆಲ್ಲ ತಾನಾಗಿ ಇಳಿದು ಬರತೊಡಗಿತು. ತೊಡಕು ತಪ್ಪಿತು. ಜೊತೆಗೆ, ಯಾರ ಕೆಲಸದ ಮೇಲೆ ಯಾರು ನಿಂತಿದ್ದಾರೆ ಎಂಬುದೂ ಬಳಸುವವರ ಕಣ್ಣಿಂದ ಮರೆಯಾಯಿತು.

2024ರ ಮಾರ್ಚ್‌ನಲ್ಲಿ ಅದರ ಬೆಲೆ ತಿಳಿಯಿತು. ದೂರದ ಕಂಪ್ಯೂಟರಿಗೆ ಪ್ರವೇಶ ಕೊಡುವ ಎಸ್‌ಎಸ್‌ಎಚ್ ಸುಮಾರು ಅರ್ಧ ಸೆಕೆಂಡು ತಡಮಾಡುತ್ತಿರುವುದನ್ನು ಇಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಗಮನಿಸಿ ಕಾರಣ ಹುಡುಕಿದರು. ಕಡತಗಳನ್ನು ಕುಗ್ಗಿಸುವ ‘ಎಕ್ಸ್‌ಝಡ್’ ತಂತ್ರಾಂಶದಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಎಸ್‌ಎಸ್‌ಎಚ್‌ಗೆ ನೇರವಾಗಿ ಅದರ ಅಗತ್ಯವೇ ಇರಲಿಲ್ಲ. ಕೆಲವು ವಿತರಣೆಗಳು ಎಸ್‌ಎಸ್‌ಎಚ್‌ಗೆ ಸೇರಿಸಿದ್ದ ‘ಸಿಸ್ಟಮ್‌ಡಿ’ಯ ಲೈಬ್ರರಿ ಅದನ್ನು ಒಳಗೆ ಎಳೆದು ತಂದಿತ್ತು. ಡೆಬಿಯನ್‌ನ ಪರೀಕ್ಷಾ ಆವೃತ್ತಿಗಳಿಗೆ ಅದು ಆಗಲೇ ತಲುಪಿತ್ತು. ಸ್ಥಿರ ಆವೃತ್ತಿ ಉಳಿದುಕೊಂಡಿತು.

ಎಕ್ಸ್‌ಝಡ್ ಅನ್ನು ವರ್ಷಗಟ್ಟಲೆ ಮುಖ್ಯವಾಗಿ ನೋಡಿಕೊಂಡವರು ಒಬ್ಬ ಸ್ವಯಂಸೇವಕ. ನೆರವಿನ ನೆಪದಲ್ಲಿ ಬಂದವನು ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿದು ಅವರ ನಂಬಿಕೆ ಗಳಿಸಿದ್ದ. ಪ್ಯಾಕೇಜಿನ ಪಟ್ಟಿಯಲ್ಲಿ ಲೈಬ್ರರಿಯ ಹೆಸರಿತ್ತು. ಅದರ ಭಾರ ಒಬ್ಬರದೇ ಹೆಗಲ ಮೇಲಿದೆ ಎಂದು ಬರೆಯಲು ಅಲ್ಲಿ ಜಾಗವಿರಲಿಲ್ಲ.