ಕೈಪಿಡಿ ಬರೆಯುತ್ತ ಕರ್ನಲ್ ತಿದ್ದಿದ ಮೈಕೆಲ್ ಕೆರಿಸ್ಕ್

ಯಾವುದೋ ಸಿಸ್ಟಂ ಕಾಲ್ (ಲಿನಕ್ಸ್‌ನ ಕೇಂದ್ರಭಾಗವಾದ ಕರ್ನಲ್‌ಗೆ ಪ್ರೋಗ್ರಾಂ ಸಲ್ಲಿಸುವ ಕೋರಿಕೆ) ಹೇಗೆ ವರ್ತಿಸುತ್ತದೆಂಬ ಅನುಮಾನ ಬಂದಾಗ ಲಿನಕ್ಸ್ ಪ್ರೋಗ್ರಾಮರುಗಳು ಟರ್ಮಿನಲ್‌ನಲ್ಲಿ ‘ಮ್ಯಾನ್’ ಎಂದು ಟೈಪ್ ಮಾಡಿ ಅದರ ಹೆಸರು ಕೊಡುತ್ತಾರೆ. ಆಗ ತೆರೆಯ ಮೇಲೆ ಬರುವ ಪುಟವನ್ನು ಬರೆದವರು ಯಾರೆಂದು ಕೇಳುವವರು ವಿರಳ. ಲಿನಕ್ಸ್‌ನ ಚರಿತ್ರೆ ಬರೆಯುವವರೂ ಕೋಡ್ ಬರೆದವರ ಹೆಸರುಗಳಲ್ಲೇ ಅದನ್ನು ಮುಗಿಸಿಬಿಡುತ್ತಾರೆ. ಕೈಪಿಡಿ ಬರೆಯುವುದೂ ತಂತ್ರಾಂಶ ಕಟ್ಟುವ ಕೆಲಸದ ಭಾಗವೇ ಎಂಬುದಕ್ಕೆ ಮೈಕೆಲ್ ಕೆರಿಸ್ಕ್ ಅವರ ವೃತ್ತಿಜೀವನಕ್ಕಿಂತ ಬಲವಾದ ಸಾಕ್ಷ್ಯ ಸಿಗುವುದು ಕಷ್ಟ.

ಈ ಪುಟಗಳನ್ನು ಸಿದ್ಧಪಡಿಸುವ ಲಿನಕ್ಸ್ ಮ್ಯಾನ್-ಪೇಜಸ್ ಯೋಜನೆಯನ್ನು 1993ರಲ್ಲಿ ರಿಕ್ ಫೇತ್ ಆರಂಭಿಸಿದರು. 1995ರಿಂದ ಅದನ್ನು ನೋಡಿಕೊಂಡವರು ಆಂಡ್ರೀಸ್ ಬ್ರೌವರ್. ಯುನಿಕ್ಸ್ ಸಿಸ್ಟಂ ಪ್ರೋಗ್ರಾಮಿಂಗ್ ಕಲಿಸುತ್ತಿದ್ದ, ಮ್ಯೂನಿಕ್‌ನಲ್ಲಿ ನೆಲೆಸಿದ್ದ ಕೆರಿಸ್ಕ್ 2004ರಲ್ಲಿ ಆ ಹೊಣೆ ಹೊತ್ತರು.

ಅವರ ಕೆಲಸದ ರೀತಿ 2007ರ ಒಂದು ಪ್ರಸಂಗದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆ ವರ್ಷದ ಜುಲೈನಲ್ಲಿ ಬಂದ 2.6.22 ಕರ್ನಲ್‌ನಲ್ಲಿ ಡೇವಿಡೆ ಲಿಬೆನ್ಸಿ ಬರೆದ ‘ಟೈಮರ್‌ಎಫ್‌ಡಿ’ ಎಂಬ ಹೊಸ ಸಿಸ್ಟಂ ಕಾಲ್ ಇತ್ತು. ಟೈಮರ್ ಮುಗಿದ ಸುದ್ದಿಯನ್ನು ಫೈಲ್ ಓದಿದಂತೆಯೇ ಓದಿಕೊಳ್ಳುವ ಸೌಲಭ್ಯ ಅದು, ಕಲ್ಪನೆ ಸೊಗಸಾಗಿತ್ತು. ಕೆರಿಸ್ಕ್ ಅದಕ್ಕೆ ಕೈಪಿಡಿ ಪುಟ ಬರೆಯಲು ಕುಳಿತಾಗ ಕೊರತೆಗಳು ಹೊರಬಿದ್ದವು. ಹೊಸ ಅವಧಿ ಕೊಟ್ಟಾಗ ಹಳೆಯ ಅವಧಿ ಎಷ್ಟಿತ್ತೆಂದು ತಿಳಿಯುತ್ತಿರಲಿಲ್ಲ. ಓಡುತ್ತಿರುವ ಟೈಮರನ್ನು ಮುಟ್ಟದೆ, ಇನ್ನೆಷ್ಟು ಸಮಯ ಉಳಿದಿದೆಯೆಂದು ಕೇಳಲೂ ದಾರಿ ಇರಲಿಲ್ಲ. ಪೋಸಿಕ್ಸ್ ಎಂಬ ಯುನಿಕ್ಸ್ ಮಾನಕದ ಹಳೆಯ ಟೈಮರುಗಳಲ್ಲಿ ಈ ಎರಡೂ ಅನುಕೂಲಗಳಿದ್ದವು.

ಇಲ್ಲಿ ಕರ್ನಲ್ ಲೋಕದ ಒಂದು ಕಟ್ಟುನಿಟ್ಟನ್ನು ನೆನೆಯಬೇಕು. ಬಳಕೆದಾರರ ಪ್ರೋಗ್ರಾಂ ಕೆಡುವಂಥ ಬದಲಾವಣೆಯನ್ನು ಲಿನಕ್ಸ್‌ನ ಜನಕ ಲೈನಸ್ ಟೊರ್ವಾಲ್ಡ್ಸ್ ಒಪ್ಪುವುದಿಲ್ಲ. ಹಾಗಾಗಿ ಒಮ್ಮೆ ಬಳಕೆಗೆ ಬಂದ ಇಂಟರ್‌ಫೇಸ್‌ನ ದೋಷ ದಶಕಗಟ್ಟಲೆ ಉಳಿದುಬಿಡುತ್ತದೆ. ಟೈಮರ್‌ಎಫ್‌ಡಿ ಇನ್ನೂ ಅಷ್ಟಾಗಿ ಹರಡಿರಲಿಲ್ಲ. ಕೆರಿಸ್ಕ್ ಎತ್ತಿದ ಆಕ್ಷೇಪಗಳ ಮೇಲೆ ಚರ್ಚೆ ನಡೆದು, 2.6.23ರಲ್ಲಿ ಅದನ್ನು ತಡೆಹಿಡಿಯಲಾಯಿತು. 2008ರ ಏಪ್ರಿಲ್‌ನಲ್ಲಿ ಹೊರಬಂದ 2.6.25ರಲ್ಲಿ ಅದೇ ಸೌಲಭ್ಯ ಮೂರು ಪ್ರತ್ಯೇಕ ಕರೆಗಳಾಗಿ ಮರಳಿತು: ಟೈಮರ್ ಸೃಷ್ಟಿಸಲು ಒಂದು, ಅವಧಿ ಗೊತ್ತುಮಾಡಲು ಒಂದು, ಉಳಿದ ಸಮಯ ವಿಚಾರಿಸಲು ಇನ್ನೊಂದು. ಇಂದು ಬಳಕೆಯಲ್ಲಿರುವುದು ಈ ರೂಪವೇ. ಕೋಡ್ ಬರೆದವರಿಗೆ ಕಾಣದ್ದು ಅದನ್ನು ಓದುಗರಿಗೆ ವಿವರಿಸಬೇಕಾದವರಿಗೆ ಕಂಡಿತು. ನನ್ನ ದೃಷ್ಟಿಯಲ್ಲಿ ಕೆರಿಸ್ಕ್ ಅವರ ಇಡೀ ಸಾಧನೆಯ ತಿರುಳು ಇದು.

ಇದೇ ಶಿಸ್ತು ಅವರ ಪುಸ್ತಕದಲ್ಲೂ ಇದೆ. 2010ರಲ್ಲಿ ನೋ ಸ್ಟಾರ್ಚ್ ಪ್ರೆಸ್ ಪ್ರಕಟಿಸಿದ ‘ದಿ ಲಿನಕ್ಸ್ ಪ್ರೋಗ್ರಾಮಿಂಗ್ ಇಂಟರ್‌ಫೇಸ್’ 1,500ಕ್ಕೂ ಹೆಚ್ಚು ಪುಟಗಳ, 64 ಅಧ್ಯಾಯಗಳ ಗ್ರಂಥ. ಐನೂರಕ್ಕೂ ಹೆಚ್ಚು ಸಿಸ್ಟಂ ಕಾಲ್ ಮತ್ತು ಲೈಬ್ರರಿ ಫಂಕ್ಷನ್‌ಗಳ ವಿವರಣೆಯ ಜೊತೆಗೆ ಇನ್ನೂರಕ್ಕೂ ಹೆಚ್ಚು ಮಾದರಿ ಪ್ರೋಗ್ರಾಂಗಳು ಅದರಲ್ಲಿವೆ. ಆ ಪ್ರೋಗ್ರಾಂಗಳ ಮೂಲ ಸಂಕೇತ ಮುಕ್ತ ಪರವಾನಗಿಯಲ್ಲಿ ಎಲ್ಲರಿಗೂ ಸಿಗುತ್ತದೆ. ಜಪಾನೀ, ಕೊರಿಯನ್, ಚೀನೀ ಭಾಷೆಗಳಿಗೆ ಪುಸ್ತಕ ಅನುವಾದಗೊಂಡಿದೆ. ಇದು ಹೊರಬರುವ ಹೊತ್ತಿಗೆ ಅವರು ಬರೆದ ಅಥವಾ ಸಹಲೇಖಕರಾಗಿದ್ದ ಕೈಪಿಡಿ ಪುಟಗಳ ಸಂಖ್ಯೆ 250 ದಾಟಿತ್ತು. ಮುಂದೆ ಕಂಟೇನರ್ ತಂತ್ರಜ್ಞಾನಕ್ಕೆ ಆಧಾರವಾದ ನೇಮ್‌ಸ್ಪೇಸ್‌ಗಳ ಬಗ್ಗೆ 2013ರಿಂದ ಅವರು ಬರೆದ ಲೇಖನಮಾಲೆಯೂ ಪುಟಗಳೂ ಆ ಜಟಿಲ ವಿಷಯಕ್ಕೆ ಪ್ರವೇಶದ್ವಾರವಾದವು.

ಇಂಥ ಕೆಲಸ ನಡೆದದ್ದು ಬಹುಪಾಲು ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ. ಕೆರಿಸ್ಕ್ ಅವರ ನಂತರ ಯೋಜನೆ ನೋಡಿಕೊಳ್ಳುತ್ತಿರುವ ಅಲೆಹಾಂದ್ರೊ ಕೊಲೊಮಾರ್, ಹಣದ ನೆರವಿಲ್ಲದೆ ಕೆಲಸ ಮುಂದುವರಿಸಲಾಗದೆಂದು 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಬೇಕಾಯಿತು. ಅನಂತರವೇ ಕೆಲವು ದೊಡ್ಡ ಕಂಪನಿಗಳು ಮುಂದೆ ಬಂದವು. ಬೆಂಗಳೂರಿನ ಎಷ್ಟೋ ಸಂಸ್ಥೆಗಳ ಸರ್ವರುಗಳು ಲಿನಕ್ಸ್ ಮೇಲೆಯೇ ನಡೆಯುತ್ತಿವೆ. ಅಲ್ಲಿನ ಎಂಜಿನಿಯರುಗಳು ಈ ಪುಟಗಳನ್ನು ದಿನವೂ ತೆರೆಯುತ್ತಾರೆ. ಅವರ ಕೆಲಸದ ಅವಧಿಯ ಒಂದಷ್ಟು ಗಂಟೆಗಳನ್ನು ಕೈಪಿಡಿ ಬರೆಯಲು, ತಿದ್ದಲು ಮೀಸಲಿಡುವಂತೆ ಆ ಸಂಸ್ಥೆಗಳು ಏರ್ಪಾಡು ಮಾಡಬೇಕು.